ಅಪ್ಪನ ಮಾತು ಬಿದ್ದುಹೋಗಿದೆ, ರಿಪೋರ್ಟಿನಲ್ಲಿ 39.8 ಎಂದಿದೆ: ಏನರ್ಥ?

ಪ್ರಶ್ನೆ: ನಮ್ಮ ಅಪ್ಪನಿಗೆ 64 ವರ್ಷ. ಪುತ್ತೂರಿನ ಹತ್ತಿರ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದರು. ಏಳು ವಾರದ ಹಿಂದೆ ಸ್ಟ್ರೋಕ್ ಆಯಿತು. ಬಲಗಾಲು ಸ್ವಲ್ಪ ಪರವಾಗಿಲ್ಲ, ಬಲಗೈ ಇನ್ನೂ ಏಳುತ್ತಿಲ್ಲ. ಮಾತು ಬಿದ್ದುಹೋಗಿದೆ. ಏನು ಕೇಳಿದರೂ "ಅದೇ... ಅದೇ" ಅನ್ನುತ್ತಾರೆ. ಆದರೆ ಸಂಜೆ ಭಜನೆ ಶುರುವಾದರೆ ಜೊತೆಗೆ ಪೂರ್ತಿ ಹಾಡುತ್ತಾರೆ! ಕಳೆದ ವಾರ ಸ್ಪೀಚ್ ಥೆರಪಿಸ್ಟ್ ಒಬ್ಬರು ಒಂದೂವರೆ ಗಂಟೆ ಪರೀಕ್ಷೆ ಮಾಡಿದರು. "ನೀವು ಹೆಂಗಸಾ?" ಎಂದು ಕೇಳಿದಾಗ ಅಪ್ಪನ ಕಣ್ಣಲ್ಲಿ ನೀರು ಬಂತು. ರಿಪೋರ್ಟಿನಲ್ಲಿ ‘ಬ್ರೋಕಾಸ್ ಅಫೇಸಿಯಾ, ಎ.ಕ್ಯೂ. 39.8’ ಎಂದಿದೆ. ಭಾಗವಾರು ಅಂಕ ಹೀಗಿದೆ: ತಾನಾಗಿ ಆಡುವ ಮಾತು 6, ಕೇಳಿ ತಿಳಿಯುವುದು 7.2, ತಿರುಗಿ ಹೇಳುವುದು 3.6, ಹೆಸರು ಹೇಳುವುದು 3.1. ಅಂದರೆ ಬುದ್ಧಿ ನೂರಕ್ಕೆ ನಲವತ್ತೇ ಉಳಿದಿದೆಯಾ? ಮನೆಯಲ್ಲಿ ನಮ್ಮದು ತುಳು, ಪರೀಕ್ಷೆ ನಡೆದದ್ದು ಕನ್ನಡದಲ್ಲಿ. ಅದು ಸರಿಯಾ? ಅಪ್ಪನ ಮಾತು ಮತ್ತೆ ಬರುತ್ತದಾ?

ಉತ್ತರ: ಮೊದಲು ನಿಮ್ಮ ಭಯಕ್ಕೇ ಬರುತ್ತೇನೆ. 39.8 ಎಂಬುದು ಬುದ್ಧಿಯ ಅಂಕ ಅಲ್ಲವೇ ಅಲ್ಲ. ಎ.ಕ್ಯೂ. ಅಂದರೆ ಅಫೇಸಿಯಾ ಕೋಷೆಂಟ್. ಮೆದುಳಿಗೆ ಪೆಟ್ಟಾಗಿ ಭಾಷೆ ಕೆಡುವುದಕ್ಕೆ ಅಫೇಸಿಯಾ ಅನ್ನುತ್ತಾರೆ, ಅದು ಎಷ್ಟಿದೆ ಎಂದು ಹೇಳುವ ಅಂಕ ಇದು. ಐ.ಕ್ಯೂ. ಎಲ್ಲರಿಗೂ ಗೊತ್ತಿರುವ ಪದ, ಹಾಗಾಗಿ ಇದನ್ನೂ ಅದೇ ರೀತಿ ಓದಿಬಿಡುತ್ತಾರೆ. ತಪ್ಪು ನಿಮ್ಮದಲ್ಲ. ರಿಪೋರ್ಟ್ ಕೈಗಿಡುವ ಮೊದಲು ಹತ್ತು ನಿಮಿಷ ಕೂತು ಬಿಡಿಸಿ ಹೇಳಬೇಕಿತ್ತು. ಆ ಕೆಲಸವನ್ನು ಈಗ ನಾನು ಮಾಡುತ್ತೇನೆ.

ನಿಮ್ಮ ತಂದೆಯವರಿಗೆ ನೀವು ಯಾರೆಂದು ಗೊತ್ತು. ಅಂಗಡಿಯಲ್ಲಿ ಯಾವ ಸಾಮಾನು ಯಾವ ಮೂಲೆಯಲ್ಲಿದೆ ಎಂಬುದೂ ಗೊತ್ತಿರುತ್ತದೆ. ಹೇಳಬೇಕಾದದ್ದು ತಲೆಯಲ್ಲಿ ಇದೆ. ಅದಕ್ಕೆ ತಕ್ಕ ಪದ ಹುಡುಕಿ, ಪದಗಳನ್ನು ಜೋಡಿಸಿ, ಬಾಯಿಗೆ ತಲುಪಿಸುವ ಕೆಲಸ ಕೆಟ್ಟಿದೆ. ಬಲಗೈಯನ್ನೇ ಹೆಚ್ಚಾಗಿ ಬಳಸುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಈ ಕೆಲಸ ನಡೆಯುವುದು ಮೆದುಳಿನ ಎಡಭಾಗದಲ್ಲಿ. ಬಲಗೈ ಬಲಗಾಲನ್ನು ನಡೆಸುವ ಜಾಗವೂ ಅಲ್ಲೇ ಪಕ್ಕದಲ್ಲಿದೆ. ಎರಡಕ್ಕೂ ರಕ್ತ ಒಯ್ಯುವುದು ಒಂದೇ ದೊಡ್ಡ ರಕ್ತನಾಳದ ಕವಲುಗಳು. ಅದಕ್ಕೇ ಕೈ ಮತ್ತು ಮಾತು ಒಟ್ಟಿಗೆ ಹೋಗುವುದನ್ನು ನಾವು ಇಷ್ಟೊಂದು ನೋಡುತ್ತೇವೆ.

ಬ್ರೋಕಾ ಎಂಬ ಹೆಸರು ರಿಪೋರ್ಟಿನಲ್ಲಿದೆಯಲ್ಲ, ಆ ಕಥೆ ಹೇಳಿದರೆ ನಿಮಗೆ ಸಮಾಧಾನ ಆಗಬಹುದು. 1861ರಲ್ಲಿ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಪಾಲ್ ಬ್ರೋಕಾ ಎಂಬ ಸರ್ಜನ್ ಬಳಿಗೆ ಲೆಬೋರ್ನ್ ಎಂಬ ರೋಗಿಯನ್ನು ತಂದರು. ಏನು ಕೇಳಿದರೂ ಅವನು ಹೇಳುತ್ತಿದ್ದದ್ದು "ತಾನ್, ತಾನ್" ಅಷ್ಟೇ. ಆಸ್ಪತ್ರೆಯವರು ಅವನನ್ನು ತಾನ್ ಎಂದೇ ಕರೆಯುತ್ತಿದ್ದರು. ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂದು ಬ್ರೋಕಾ ಕೇಳಿದರು. ಅವನು ಐದೂ ಬೆರಳು ಬಿಡಿಸಿ ನಾಲ್ಕು ಸಲ ತೋರಿಸಿದ, ಆಮೇಲೆ ಒಂದು ಬೆರಳು ಎತ್ತಿದ. ಇಪ್ಪತ್ತೊಂದು. ಲೆಕ್ಕ ಸರಿ ಇತ್ತು. ಕೆಲವೇ ದಿನದಲ್ಲಿ ಅವನು ತೀರಿಕೊಂಡ. ಮೆದುಳು ತೆರೆದು ನೋಡಿದಾಗ ಎಡಭಾಗದ ಮುಂದಿನ ಹೋಳಿನಲ್ಲಿ ಗಾಯ ಕಂಡಿತು. ಮಾತಿಗೂ ಆ ಜಾಗಕ್ಕೂ ನಂಟಿದೆ ಎಂದು ವೈದ್ಯಲೋಕ ಒಪ್ಪಿದ್ದು ಅಲ್ಲಿಂದ. ನನಗೆ ಮಾತ್ರ ಆ ಗಾಯಕ್ಕಿಂತ ಬೆರಳುಗಳೇ ಜಾಸ್ತಿ ನೆನಪಾಗುತ್ತವೆ. ನಿಮ್ಮ ಅಪ್ಪನ "ಅದೇ... ಅದೇ" ಕೂಡ ಅವನ "ತಾನ್" ಇದ್ದ ಹಾಗೇ. ಅದರ ಹಿಂದೆ ಪೂರ್ತಿ ಮಾತು ಇದೆ, ಹೊರಗೆ ಬರುವುದು ಮಾತ್ರ ಆ ಒಂದು ಪದ.

ಈಗ ಅಂಕದ ಲೆಕ್ಕ. ನಿಮ್ಮ ಅಪ್ಪನಿಗೆ ಮಾಡಿದ್ದು ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪರೀಕ್ಷೆ. ಇದನ್ನು ರೂಪಿಸಿದ್ದು ಕೆನಡಾದ ನರವೈದ್ಯ ಆಂಡ್ರ್ಯೂ ಕರ್ಟೆಸ್. ವೆಸ್ಟರ್ನ್ ಎಂಬುದು ಅಲ್ಲಿನ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ಹೆಸರಿನಿಂದ ಬಂದದ್ದು. ಕನ್ನಡಕ್ಕೆ ಇದನ್ನು ಹೊಂದಿಸಿದ್ದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. ಮೈಸೂರಿನವರು ‘ಸ್ಪೀಚ್ ಅಂಡ್ ಹಿಯರಿಂಗ್’ ಅನ್ನುತ್ತಾರಲ್ಲ, ಅದೇ. ತಾನಾಗಿ ಆಡುವ ಮಾತಿಗೆ 20, ಕೇಳಿ ತಿಳಿಯುವುದಕ್ಕೆ 10, ತಿರುಗಿ ಹೇಳುವುದಕ್ಕೆ 10, ಹೆಸರು ಹೇಳುವುದಕ್ಕೆ 10. ಒಟ್ಟು 50. ಅದನ್ನು ಎರಡರಿಂದ ಗುಣಿಸಿದರೆ ಎ.ಕ್ಯೂ. ಸಿಗುತ್ತದೆ. 93.8ಕ್ಕಿಂತ ಕೆಳಗೆ ಬಂದರೆ ಅಫೇಸಿಯಾ ಇದೆ ಎಂದು ಲೆಕ್ಕ. 26ರಿಂದ 50ರ ನಡುವೆ ಇದ್ದರೆ ತೀವ್ರ ಅನ್ನುತ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಿ. 50ರಲ್ಲಿ 40 ಅಂಕಕ್ಕೆ ಬಾಯಿ ಬಿಟ್ಟು ಹೇಳಲೇಬೇಕು. ಆ 40ರಲ್ಲಿ ನಿಮ್ಮ ಅಪ್ಪನಿಗೆ ಸಿಕ್ಕಿದ್ದು 12.7. ಕೇಳಿ ತಿಳಿಯುವ 10ರಲ್ಲಿ ಸಿಕ್ಕಿದ್ದು 7.2. ಎರಡನ್ನೂ ಕೂಡಿಸಿ ಒಂದೇ ಅಂಕಿ ಮಾಡಿದಾಗ ಈ ವ್ಯತ್ಯಾಸ ಕಾಣದೇ ಹೋಗುತ್ತದೆ. ಇದೇ 39.8 ಬಂದ ಇನ್ನೊಬ್ಬರು ನಿಮ್ಮ ಅಪ್ಪನಿಗೆ ಪೂರ್ತಿ ಉಲ್ಟಾ ಇರಬಹುದು. ನಿರರ್ಗಳವಾಗಿ ಮಾತನಾಡುತ್ತಾ ಇರುತ್ತಾರೆ, ಆದರೆ ನಾವು ಹೇಳಿದ್ದು ಅವರಿಗೆ ತಿಳಿಯುವುದಿಲ್ಲ. ಆದ್ದರಿಂದ ರಿಪೋರ್ಟ್ ಓದುವಾಗ ಒಟ್ಟು ಅಂಕವನ್ನು ಕೊನೆಗೆ ನೋಡಿ. ಮೂರು ತಿಂಗಳ ನಂತರ ಮತ್ತೆ ಅಳೆದು ಹೋಲಿಸಲು ಅದು ಬೇಕು. ಥೆರಪಿ ಎಲ್ಲಿಂದ ಶುರುಮಾಡಬೇಕು ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

ಆ ಎರಡನೇ ರೀತಿಯ ಅಫೇಸಿಯಾವನ್ನು 1874ರಲ್ಲಿ ಕಾರ್ಲ್ ವೆರ್ನಿಕೆ ಎಂಬ ಜರ್ಮನ್ ವೈದ್ಯ ವಿವರಿಸಿದರು. ಅದರ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಇದನ್ನು ಓದುವ ಬೇರೆ ಯಾರದೋ ಮನೆಯಲ್ಲಿ ಅದು ಇರಬಹುದು. ಅಂಥವರಿಗೆ ಎಷ್ಟೋ ಸಲ ಕೈಕಾಲು ಸೋತಿರುವುದಿಲ್ಲ. ಹಿಂದಿನ ರಾತ್ರಿ ಸರಿ ಇದ್ದವರು ಬೆಳಿಗ್ಗೆ ಎದ್ದು ಏನೇನೋ ಮಾತನಾಡಲು ಶುರುಮಾಡುತ್ತಾರೆ. ಮಾತಿನ ಏರಿಳಿತ ಸರಿಯಾಗೇ ಇರುತ್ತದೆ, ಪದಗಳು ಮಾತ್ರ ಅರ್ಥವಿಲ್ಲದವು. ನನ್ನ ಹತ್ತಿರ ಬಂದ ಒಬ್ಬ ಅಜ್ಜಿಯನ್ನು ಮನೆಯವರು ಮೊದಲ ಹತ್ತು ದಿನ ದೇವಸ್ಥಾನ, ತಾಯಿತ ಎಂದು ಸುತ್ತಿಸಿದ್ದರು. ಮನೆಯವರನ್ನು ಬೈಯುವ ಹಾಗಿಲ್ಲ, ಕೈಕಾಲು ಆಡುತ್ತಿದ್ದರೆ ಲಕ್ವ ಎಂದು ಯಾರಿಗೆ ಹೊಳೆಯುತ್ತದೆ? ಆದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಸಮಯ ಸ್ಟ್ರೋಕ್ ಆದ ನಾಲ್ಕೂವರೆ ಗಂಟೆ ಮಾತ್ರ. ಮಾತು ಇದ್ದಕ್ಕಿದ್ದಂತೆ ಗೋಜಲಾದರೂ ಸಾಕು, ಓಡಬೇಕಾದ್ದು ಆಸ್ಪತ್ರೆಗೆ.

ನಿಮ್ಮ ಅಪ್ಪನಿಗೆ ನೋವು ಕೊಟ್ಟ ಆ ಪ್ರಶ್ನೆಗೆ ಬರೋಣ. "ನೀವು ಹೆಂಗಸಾ?", "ಬೆಂಕಿಗೆ ಹಾಕಿದರೆ ಕಾಗದ ಉರಿಯುತ್ತದಾ?" ಇಂಥವನ್ನು ಕೇಳುವುದು ಹೌದು, ಅಲ್ಲ ಎಂಬ ಉತ್ತರವನ್ನು ಎಷ್ಟು ನಂಬಬಹುದು ಎಂದು ನೋಡಲು. ಅಫೇಸಿಯಾ ಇರುವ ಎಷ್ಟೋ ಜನ ಎಲ್ಲಕ್ಕೂ "ಹೂಂ" ಅನ್ನುತ್ತಾರೆ. "ಹೂಂ" ಮತ್ತು "ಉಹುಂ" ಎರಡೂ ಮೂಗಿನಲ್ಲೇ ಮುಗಿಯುತ್ತವೆ, ಒಂದು ಹೇಳಲು ಹೋಗಿ ಇನ್ನೊಂದು ಬರುತ್ತದೆ. ತಲೆ ಆಡಿಸುವುದಂತೂ ನಮ್ಮಲ್ಲಿ ಹೌದೂ ಆಗಬಹುದು, ಇಲ್ಲವೂ ಆಗಬಹುದು. ಜೊತೆಗೆ ನಾವು ಕೇಳುವಾಗ ಕೊನೆಗೆ ಒಂದು "ಅಲ್ವಾ" ಸೇರಿಸುತ್ತೇವೆ. "ಹೊಟ್ಟೆ ತುಂಬಿತು ಅಲ್ವಾ?" ಎಂದರೆ ಎಂಥವರೂ ಹೂಂ ಅನ್ನುತ್ತಾರೆ. ಅದಕ್ಕೇ ಪರೀಕ್ಷೆಯಲ್ಲಿ ಸರಿ ಉತ್ತರ ‘ಅಲ್ಲ’ ಆಗಿರುವ ಪ್ರಶ್ನೆಗಳನ್ನು ಬೇಕೆಂದೇ ಸೇರಿಸಿರುತ್ತಾರೆ. ನಾಳೆ "ಎದೆ ನೋಯುತ್ತಿದೆಯಾ?" ಎಂದು ನೀವು ಕೇಳಿದಾಗ ಅವರ ಹೂಂ ನಿಜವಾದ ಹೂಂ ಆಗಿರಬೇಕಲ್ಲ.

ಹಾಗೆಂದು ಕಣ್ಣೀರು ಸುಮ್ನೆ ಬಂದದ್ದಲ್ಲ. "ಈಗ ಕೆಲವು ತೀರಾ ಸುಲಭದ ಪ್ರಶ್ನೆ ಕೇಳುತ್ತೇನೆ, ಕೆಲವು ವಿಚಿತ್ರ ಅನ್ನಿಸಬಹುದು, ಬೇಜಾರು ಮಾಡಿಕೊಳ್ಳಬೇಡಿ" ಎಂದು ಮೊದಲೇ ಹೇಳಿದ್ದರೆ ಎಷ್ಟೋ ಆಗುತ್ತಿತ್ತು. ನಾನು ಕಲಿಯುವ ಹುಡುಗ ಹುಡುಗಿಯರಿಗೆ ಇದನ್ನೇ ಮೊದಲು ಹೇಳಿಕೊಡುವುದು. ನಲವತ್ತು ವರ್ಷ ಗಲ್ಲಾಪೆಟ್ಟಿಗೆ ಹಿಂದೆ ಕೂತು ವ್ಯವಹಾರ ಮಾಡಿದವರನ್ನು ನೀವು ಹೆಂಗಸಾ ಎಂದು ಕೇಳುತ್ತಿದ್ದೇವೆ ಎಂಬ ಅರಿವು ಕೇಳುವವರಿಗೆ ಇರಬೇಕು. ಆದರೂ ಆ ಕಣ್ಣೀರು ನನಗೆ ಒಂದು ಸುದ್ದಿ ಹೇಳುತ್ತದೆ: ಪ್ರಶ್ನೆ ಅವರಿಗೆ ಪೂರ್ತಿ ಅರ್ಥವಾಗಿದೆ.

ಅರ್ಥವಾಗುವುದರ ಬಗ್ಗೆ ಮನೆಯವರು ಸಾಮಾನ್ಯವಾಗಿ ಹೇಳುವುದು "ಅವರಿಗೆ ಎಲ್ಲ ಅರ್ಥ ಆಗುತ್ತೆ ಡಾಕ್ಟ್ರೇ, ಹೇಳಕ್ಕೆ ಬರಲ್ಲ ಅಷ್ಟೇ" ಎಂದು. ನಿಮ್ಮ ಅಪ್ಪನ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ, ಪೂರ್ತಿ ಅಲ್ಲ. ಕಾಫಿ ಲೋಟ ಕೈಯಲ್ಲಿ ಹಿಡಿದು "ಕಾಫಿ ಕುಡೀರಿ" ಎಂದರೆ ಮಾತೇ ಬೇಕಿಲ್ಲ, ಲೋಟವೇ ಹೇಳುತ್ತದೆ. ಪರೀಕ್ಷೆಯಲ್ಲಿ ಈ ಆಸರೆಗಳನ್ನೆಲ್ಲ ತೆಗೆದುಬಿಡುತ್ತೇವೆ. ಮೇಜಿನ ಮೇಲೆ ಒಂದು ಪೆನ್ನು, ಒಂದು ಚಮಚ. ಕೈ ತೋರಿಸದೆ, ಕಣ್ಣು ಕೂಡ ಆ ಕಡೆ ಹಾಯಿಸದೆ, "ಪೆನ್ನನ್ನು ಮುಟ್ಟಿ" ಅನ್ನುತ್ತೇವೆ. ಮುಟ್ಟುತ್ತಾರೆ. "ಚಮಚದಿಂದ ಪೆನ್ನನ್ನು ಮುಟ್ಟಿ" ಅನ್ನುತ್ತೇವೆ. ಈಗ ಪೆನ್ನು ಎತ್ತಿ ಚಮಚ ಮುಟ್ಟುತ್ತಾರೆ, ಅಥವಾ ಎರಡನ್ನೂ ಎತ್ತಿಕೊಂಡು ನಮ್ಮ ಮುಖ ನೋಡುತ್ತಾರೆ. ಪದ ಎರಡೂ ತಿಳಿದಿವೆ. ಆ ‘ಇಂದ’ ಮತ್ತು ‘ಅನ್ನು’ ಜಾರಿಹೋಗಿವೆ.

ಕನ್ನಡದಲ್ಲಿ ಇದು ಬಹಳ ದೊಡ್ಡ ವಿಷಯ. "ನಾಯಿ ಬೆಕ್ಕನ್ನು ಓಡಿಸಿತು", "ನಾಯಿಯನ್ನು ಬೆಕ್ಕು ಓಡಿಸಿತು". ಪದಗಳ ಸಾಲು ಒಂದೇ, ಓಡಿದವರು ಬೇರೆ. ಯಾರು ಯಾರಿಗೆ ಏನು ಮಾಡಿದರು ಎಂಬುದನ್ನು ಇಂಗ್ಲಿಷ್ ಹೆಚ್ಚಾಗಿ ಪದಗಳ ಸ್ಥಾನದಿಂದ ತಿಳಿಸುತ್ತದೆ. ನಾವು ಪದದ ಬಾಲಕ್ಕೆ ಅಂಟಿಸಿದ ಪ್ರತ್ಯಯದಿಂದ ತಿಳಿಸುತ್ತೇವೆ. ಹಾಗಾಗಿ ಬ್ರೋಕಾ ಅಫೇಸಿಯಾ ಇರುವ ಕನ್ನಡಿಗರಿಗೆ ಇಂಥ ವಾಕ್ಯ ಕೊಟ್ಟರೆ ಎಡವುತ್ತಾರೆ. ಮನೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಮನೆಯಲ್ಲಿ ಯಾರೂ ನಾಯಿಯನ್ನು ಬೆಕ್ಕು ಓಡಿಸಿತು ಎಂದು ಹೇಳುವುದಿಲ್ಲ. ಗೊತ್ತಾಗುವುದು ಆಸ್ತಿ ಪತ್ರಕ್ಕೆ ಸಹಿ ಹಾಕಿಸುವ ದಿನ. "ಅಣ್ಣನ ಪಾಲನ್ನು ತಮ್ಮನಿಗೆ ಬಿಟ್ಟುಕೊಡುವುದು" ಎಂಬಂಥ ವಾಕ್ಯ ಅವರಿಗೆ ಸರಿಯಾಗಿ ಹೋಗಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಅಂಥ ಕಾಗದವೇನಾದರೂ ಇದ್ದರೆ ಸದ್ಯ ತಡೆಯಿರಿ. ತೀರಾ ಅಗತ್ಯವಾದರೆ ಥೆರಪಿಸ್ಟ್ ಎದುರಿಗೆ, ಚಿತ್ರ ಬರೆದು, ಚಿಕ್ಕ ವಾಕ್ಯದಲ್ಲಿ, ಎರಡು ಬೇರೆ ಬೇರೆ ದಿನ ಕೇಳಿ. ಎರಡು ದಿನವೂ ಒಂದೇ ಉತ್ತರ ಬಂದರೆ ಅದು ಅವರ ತೀರ್ಮಾನ.

ಅವರು ಆಡುವ ಮಾತಿನಲ್ಲೂ ಈ ಪ್ರತ್ಯಯದ ಕಥೆ ಇದೆ. ನಿಮ್ಮ ಅಪ್ಪನಿಗೆ ಎರಡು ಮೂರು ಪದ ಜೋಡಿಸಲು ಬಂದಾಗ "ನಿನ್ನೆ... ಅಂಗಡಿ... ಹೋಗಿ" ಅಂತ ಬರಬಹುದು, "ಅಮ್ಮ... ಬಂದ" ಅಂತ ಬರಬಹುದು. ಕನ್ನಡದ ಕ್ರಿಯಾಪದ ಬೋಳಾಗಿ ನಿಲ್ಲುವುದು ಕಡಿಮೆ, ಬಾಲ ಒಂದು ಇರಲೇಬೇಕು. ಅದಕ್ಕೇ ಬಾಲ ಬಿಡುವ ಬದಲು ತಪ್ಪು ಬಾಲ ಅಂಟಿಸುತ್ತಾರೆ. ಇನ್ನೊಂದು ಕಡೆ, "ಹಾಲು ಕುಡಿದೆ" ಎಂದರೆ ಅದು ತಪ್ಪಲ್ಲ. ಹಾಲನ್ನು ಎಂದು ಮನೆಯಲ್ಲಿ ಯಾರು ಹೇಳುತ್ತಾರೆ? ‘ನಾನು’ ಬಿಟ್ಟು "ಬಂದೆ" ಎಂದರೂ ತಪ್ಪಲ್ಲ. ಇಂಗ್ಲಿಷ್ ಪುಸ್ತಕದ ಪಟ್ಟಿ ಹಿಡಿದುಕೊಂಡು ಅಂಕ ಕಳೆದರೆ ಆರೋಗ್ಯವಾಗಿರುವ ಕನ್ನಡಿಗರೂ ಫೇಲಾಗುತ್ತಾರೆ. ಊರಿನ ಮಾತಿಗೂ ಇದೇ ನಿಯಮ. ಬಾಚಣಿಗೆ ತೋರಿಸಿದಾಗ ಧಾರವಾಡದವರು "ಹಣಿಗೆ" ಎಂದರೆ ಪೂರ್ತಿ ಅಂಕ ಕೊಡಬೇಕು. ಕೊಡದ ರಿಪೋರ್ಟುಗಳನ್ನು ನಾನು ನೋಡಿದ್ದೇನೆ, ನೋಡಿದಾಗೆಲ್ಲ ಸಂಕಟವಾಗುತ್ತದೆ.

ಹೆಸರು ಹೇಳುವ ಭಾಗದಲ್ಲಿ ಅಪ್ಪನಿಗೆ 3.1 ಬಂದಿದೆ. ನಾನು ಆ ಥೆರಪಿಸ್ಟ್ ಪಕ್ಕ ಕೂತಿದ್ದರೆ ಅಂಕಕ್ಕಿಂತ ಅವರು ಅಂಚಿನಲ್ಲಿ ಬರೆದುಕೊಂಡ ಟಿಪ್ಪಣಿಯನ್ನು ಮೊದಲು ಓದುತ್ತಿದ್ದೆ. ಏಕೆಂದರೆ ಬಾರದೇ ಇರುವುದರಲ್ಲಿ ಎಷ್ಟೋ ಬಗೆ ಇದೆ. ಬೀಗದ ಕೈ ತೋರಿಸಿದಾಗ "ಬಾಗಿಲು" ಎಂದರೆ ಅವರು ಸರಿಯಾದ ಬೀದಿಗೆ ಬಂದು ಪಕ್ಕದ ಮನೆ ಹೊಕ್ಕಿದ್ದಾರೆ ಎಂದರ್ಥ. "ಬೀದಗ" ಎಂದರೆ ಪದ ಸಿಕ್ಕಿದೆ, ಅಕ್ಷರಗಳು ಹಿಂದುಮುಂದಾಗಿವೆ. ಒಂದು ಸಲ ಚಮಚ ಎಂದವರು ಆಮೇಲೆ ಬೀಗಕ್ಕೂ ಚಮಚ, ಬಾಚಣಿಗೆಗೂ ಚಮಚ ಅನ್ನುತ್ತಾರೆ. ಆಗ ಹಳೆಯ ಪದ ಬಿಟ್ಟುಹೋಗುತ್ತಿಲ್ಲ ಎಂದರ್ಥ, ನಡುವೆ ಒಂದು ನಿಮಿಷ ಬೇರೆ ಏನಾದರೂ ಮಾಡಿಸಬೇಕು. ಕೆಲವರು ಹೆಸರು ಹೇಳಲಾಗದೆ ಕೈ ತಿರುಗಿಸಿ ಬೀಗ ತೆಗೆಯುವುದನ್ನು ನಟಿಸುತ್ತಾರೆ. ಅವರಿಗೆ ವಸ್ತು ಪೂರ್ತಿ ತಿಳಿದಿದೆ, ಪದ ಮಾತ್ರ ಕೈಗೆ ಸಿಗುತ್ತಿಲ್ಲ.

ಮುಂದಿನ ಹೆಜ್ಜೆ, ಏನು ಮಾಡಿದರೆ ಆ ಪದ ಬರುತ್ತದೆ ಎಂದು ನೋಡುವುದು. ಮೊದಲ ಅಕ್ಷರ "ಚ..." ಎಂದು ಹೇಳಿಕೊಟ್ಟಾಗ "ಚಮಚ" ಬರುತ್ತದಾ? "ಪಾಯಸ ತಿನ್ನೋದಕ್ಕೆ ಒಂದು..." ಎಂದು ಅರ್ಧಕ್ಕೆ ನಿಲ್ಲಿಸಿದರೆ ಬರುತ್ತದಾ? ಬರೆದು ತೋರಿಸಿದರೆ ಓದುತ್ತಾರಾ? ನನ್ನ ತುಟಿ ನೋಡುತ್ತಾ ಜೊತೆಗೆ ಹೇಳಿದರೆ ಬರುತ್ತದಾ? ಒಬ್ಬೊಬ್ಬರಿಗೆ ಒಂದೊಂದು ಕೆಲಸ ಮಾಡುತ್ತದೆ. ಯಾವುದು ಕೆಲಸ ಮಾಡಿತೋ ಥೆರಪಿ ಶುರುವಾಗುವುದು ಅಲ್ಲಿಂದಲೇ. ಇದು ರಿಪೋರ್ಟಿನಲ್ಲಿ ಇಲ್ಲದಿದ್ದರೆ ದಯವಿಟ್ಟು ಕೇಳಿ: "ಯಾವ ಸುಳಿವು ಕೊಟ್ಟಾಗ ಅಪ್ಪನಿಗೆ ಪದ ಬಂತು?" ಒಂದೂವರೆ ಗಂಟೆ ಪರೀಕ್ಷೆ ಮಾಡಿದವರಿಗೆ ಇದರ ಉತ್ತರ ಗೊತ್ತಿರಬೇಕು.

ಇನ್ನು ತುಳು. ನೀವು ಎತ್ತಿದ ಪ್ರಶ್ನೆಗಳಲ್ಲಿ ಬಹಳ ಮುಖ್ಯವಾದದ್ದು ಇದೇ. ಎರಡು ಮೂರು ಭಾಷೆ ಆಡುವವರಿಗೆ ಅಫೇಸಿಯಾ ಬಂದಾಗ ಎಲ್ಲ ಭಾಷೆಗಳಿಗೂ ಒಂದೇ ಸಮ ಪೆಟ್ಟು ಬೀಳಬಹುದು. ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ ಆಗಬಹುದು. ಒಂದು ಮೊದಲು ಚೇತರಿಸಿಕೊಂಡು ಇನ್ನೊಂದು ಹಿಂದೆ ಉಳಿಯಬಹುದು. ಎಳವೆಯಲ್ಲಿ ಕಲಿತ ಭಾಷೆಯೇ ಮೊದಲು ಮರಳುತ್ತದೆ ಎಂದು ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನಲ್ಲಿ ರಿಬೊ ಎಂಬ ಮನೋವಿಜ್ಞಾನಿ ಹೇಳಿದ್ದರು. ಅಲ್ಲ, ಸ್ಟ್ರೋಕ್ ಆಗುವ ಹೊತ್ತಿಗೆ ಯಾವುದನ್ನು ಜಾಸ್ತಿ ಬಳಸುತ್ತಿದ್ದರೋ ಅದು ಎಂದು 1895ರಲ್ಲಿ ಪಿತ್ರ್ ಎಂಬ ವೈದ್ಯ ಹೇಳಿದರು. ಎರಡೂ ನಿಯಮಕ್ಕೆ ಸಿಗದ ರೋಗಿಗಳು ಬೇಕಾದಷ್ಟಿದ್ದಾರೆ. ಹಾಗಾಗಿ ಊಹೆ ಮಾಡಿ ಕೂರುವಂತಿಲ್ಲ, ಪ್ರತಿ ಭಾಷೆಯಲ್ಲೂ ನೋಡಲೇಬೇಕು. ಇದಕ್ಕಾಗಿಯೇ ಕೆನಡಾದ ಭಾಷಾವಿಜ್ಞಾನಿ ಮಿಷೆಲ್ ಪಾರಾದಿ ದ್ವಿಭಾಷಾ ಅಫೇಸಿಯಾ ಪರೀಕ್ಷೆಯನ್ನು ರೂಪಿಸಿದರು. ಅದರ ಕನ್ನಡ ರೂಪವೂ ಇದೆ. ಯಾವ ಭಾಷೆಯನ್ನು ಯಾವ ವಯಸ್ಸಿನಲ್ಲಿ, ಎಲ್ಲಿ, ಯಾರ ಜೊತೆ ಬಳಸುತ್ತಿದ್ದರು ಎಂಬ ಚರಿತ್ರೆ ಕೇಳುವುದರಿಂದಲೇ ಅದು ಶುರುವಾಗುತ್ತದೆ. ನಿಮ್ಮ ಅಪ್ಪನದು ನನಗೆ ಕಾಣುವುದು ಹೀಗೆ: ಮನೆ, ಸಿಟ್ಟು, ಪ್ರೀತಿ, ನೆಂಟರು ತುಳುವಿನಲ್ಲಿ. ಶಾಲೆ, ಪತ್ರಿಕೆ, ಗಿರಾಕಿಗಳ ಒಂದು ಪಾಲು ಕನ್ನಡದಲ್ಲಿ. ಅಂಗಡಿಯ ಸಾಮಾನಿನ ಹೆಸರು ಅರ್ಧಕ್ಕರ್ಧ ಇಂಗ್ಲಿಷಿನಲ್ಲಿ. ಬರೀ ಕನ್ನಡದಲ್ಲಿ ಅಳೆದರೆ ಅವರ ಮಾತಿನ ಒಂದು ಕೋಣೆಯನ್ನು ಮಾತ್ರ ನೋಡಿದ ಹಾಗಾಯಿತು.

ತುಳುವಿನಲ್ಲಿ ಸಿದ್ಧ ಪರೀಕ್ಷೆ ಕೈಯಲ್ಲಿ ಇರಲಿ ಬಿಡಲಿ, ನೋಡುವುದಕ್ಕೆ ಅಡ್ಡಿಯಿಲ್ಲ. ಥೆರಪಿಸ್ಟ್‌ಗೆ ತುಳು ಬಾರದಿದ್ದರೆ ನೀವು ಪಕ್ಕದಲ್ಲಿ ಕೂರಬಹುದು. ಒಂದು ಉದಾಹರಣೆ ಹೇಳುತ್ತೇನೆ. ಬೆಕ್ಕಿನ ಚಿತ್ರ ತೋರಿಸಿದಾಗ ನಿಮ್ಮ ಅಪ್ಪ "ಪುಚ್ಚೆ" ಅಂದರು ಎಂದಿಟ್ಟುಕೊಳ್ಳಿ. ಕನ್ನಡದ ಹಾಳೆಯಲ್ಲಿ ಅದಕ್ಕೆ ಸೊನ್ನೆ. ನನ್ನ ಪಾಲಿಗೆ ಅದು ಚಿನ್ನದಂಥ ಉತ್ತರ. ಚಿತ್ರ ಗುರುತಿಸಿದರು, ಅರ್ಥ ತಲುಪಿದರು, ಪದ ಹುಡುಕಿದರು, ಬಾಯಿಗೆ ತಂದರು. ಬಾಗಿಲು ಮಾತ್ರ ತುಳುವಿನದು. ಹಾಲಿಗೆ "ಪೇರ್" ಎಂದರೂ ಅಷ್ಟೇ. ಹೌದು ಎನ್ನಲು "ಅಂದ್", ಅಲ್ಲ ಎನ್ನಲು "ಅತ್ತ್" ಅನ್ನುತ್ತಾರಾ ಎಂದು ಗಮನಿಸಿ. ಆ ಪರೀಕ್ಷೆಯ ಹೌದು, ಅಲ್ಲ ಭಾಗವನ್ನು ತುಳುವಿನಲ್ಲಿ ಮತ್ತೊಮ್ಮೆ ಮಾಡಲು ಹೇಳಿ. ಥೆರಪಿಯೂ ತುಳುವಿನಲ್ಲೇ ಶುರುವಾಗಲಿ ಎಂದು ಕೇಳುವ ಹಕ್ಕು ನಿಮಗಿದೆ. "ಎರಡು ಭಾಷೆ ಮಾಡಿದರೆ ಗೊಂದಲ ಆಗುತ್ತೆ, ಬರೀ ಕನ್ನಡ ಮಾತಾಡಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೀವೇ ಮನೆಯಲ್ಲಿ ತುಳು ಬಿಟ್ಟು ಕನ್ನಡದಲ್ಲಿ ಮಾತನಾಡಿಸಿದರೆ ಅಪ್ಪನಿಗೆ ಇನ್ನೂ ಒಂಟಿತನ ಅನ್ನಿಸುತ್ತದೆ.

ಭಜನೆ ಹೇಗೆ ಬರುತ್ತದೆ? "ನೀರು ಎನ್ನಲು ಬಾರದವರಿಗೆ ಹಾಡು ಬರುತ್ತದೆ, ನಾಟಕ ಮಾಡ್ತಿದ್ದಾರೆ" ಎಂದು ನೆಂಟರು ಹೇಳಿರುತ್ತಾರೆ, ಅಲ್ವಾ? ನಾಟಕ ಅಲ್ಲ. ಭಜನೆ, ಮಗ್ಗಿ, ವಾರದ ಹೆಸರು, "ಅಯ್ಯೋ ದೇವರೇ", ಬೈಗುಳ, ಇವೆಲ್ಲ ಸಾವಿರ ಸಲ ಹೇಳಿ ಒಂದೇ ಗಂಟಾಗಿ ಕೂತಿರುತ್ತವೆ. ಅವನ್ನು ಹೇಳುವಾಗ ಪದ ಆರಿಸಬೇಕಿಲ್ಲ, ವಾಕ್ಯ ಕಟ್ಟಬೇಕಿಲ್ಲ. ಹಾಡಿನಲ್ಲಿ ಮೆದುಳಿನ ಬಲಭಾಗದ ಪಾಲೂ ಇದೆ. ನೀರು ಬೇಕು ಎಂದು ಹೇಳುವುದು ಬೇರೆಯೇ ಕೆಲಸ. ಆ ಎರಡು ಪದವನ್ನು ಆ ಕ್ಷಣಕ್ಕೆ ಹೊಸದಾಗಿ ಕಟ್ಟಬೇಕು. ಹಾಡುವ ಶಕ್ತಿಯನ್ನು ಮಾತಿಗೆ ತಿರುಗಿಸುವ ಒಂದು ಥೆರಪಿ 1973ರಿಂದಲೂ ಬಳಕೆಯಲ್ಲಿದೆ, ಮೆಲೋಡಿಕ್ ಇಂಟೊನೇಶನ್ ಥೆರಪಿ ಎಂದು. ಚಿಕ್ಕ ಮಾತನ್ನು ಎರಡು ಸ್ವರದಲ್ಲಿ ಎಳೆದು, ಎಡಗೈಯಲ್ಲಿ ತಾಳ ಹಾಕಿಸುತ್ತಾ ಹೇಳಿಸಿ, ನಿಧಾನಕ್ಕೆ ರಾಗ ಕಳಚುತ್ತಾ ಬರುವುದು. ಮಾತು ಕಮ್ಮಿ, ತಿಳಿವಳಿಕೆ ಚೆನ್ನಾಗಿ ಇರುವವರಿಗೆ ಇದು ಹೊಂದುತ್ತದೆ. ನಿಮ್ಮ ಅಪ್ಪ ಅಂಥವರೇ. ಥೆರಪಿಸ್ಟ್ ಹತ್ತಿರ ಕೇಳಿ ನೋಡಿ. ಬರೀ ಭಜನೆ ಹಾಡಿಸಿದರೆ ಮಾತು ಬರುತ್ತದೆ ಎಂದಲ್ಲ, ಆದರೆ ಭಜನೆ ನಿಲ್ಲಿಸಬೇಡಿ. ದಿನದಲ್ಲಿ ಒಂದು ಹೊತ್ತಾದರೂ ಅವರ ಬಾಯಿಂದ ತಡೆಯಿಲ್ಲದೆ ಏನೋ ಹರಿಯುತ್ತದಲ್ಲ.

ರಿಪೋರ್ಟಿನಲ್ಲಿ ಇನ್ನು ಎರಡು ಮೂರು ವಿಷಯ ಇವೆಯಾ ಎಂದು ನೋಡಿ. ನಾಲಿಗೆ, ತುಟಿ ಸೋತು ಮಾತು ತೊದಲುವುದಕ್ಕೆ ಡಿಸಾರ್ಥ್ರಿಯಾ ಅನ್ನುತ್ತಾರೆ. ಅದು ಮಾತ್ರ ಇರುವವರು ಬರೆದು ಹೇಳಬಲ್ಲರು. ಸ್ನಾಯು ಸರಿ ಇದ್ದರೂ ಬಾಯಿಯನ್ನು ಯಾವ ಆಕಾರಕ್ಕೆ ತರಬೇಕೆಂದು ತಡಕಾಡುವುದಕ್ಕೆ ಅಪ್ರಾಕ್ಸಿಯಾ ಅನ್ನುತ್ತಾರೆ. ಒಂದೇ ಪದ ಮೂರು ಸಲ ಮೂರು ರೀತಿ ಬರುತ್ತದೆ. ಬ್ರೋಕಾ ಅಫೇಸಿಯಾ ಜೊತೆ ಇದು ಎಷ್ಟೋ ಸಲ ಇರುತ್ತದೆ, ಅದಕ್ಕೆ ಬೇರೆ ಅಭ್ಯಾಸ ಬೇಕು. ಹಾರ್ಡ್‌ವೇರ್ ಅಂಗಡಿಯ ಸದ್ದಿನಲ್ಲಿ ಕಳೆದ ಕಿವಿ, ಒಮ್ಮೆ ಪರೀಕ್ಷೆ ಮಾಡಿಸಿ. ಕೇಳದೇ ಹೋದದ್ದು ಅರ್ಥವಾಗದೇ ಹೋದದ್ದರ ಲೆಕ್ಕಕ್ಕೆ ಸೇರಬಾರದು. ಪರೀಕ್ಷೆಯ ದಿನ ಕನ್ನಡಕ, ಹಲ್ಲಿನ ಸೆಟ್ಟು ಹಾಕಿದ್ದರಾ? ಎಡ ಮೆದುಳಿನ ಸ್ಟ್ರೋಕಿನಲ್ಲಿ ಕೆಲವರಿಗೆ ಬಲಗಡೆಯ ನೋಟ ಹೋಗಿರುತ್ತದೆ. ಚಿತ್ರಗಳನ್ನು ಅಡ್ಡಸಾಲಿನಲ್ಲಿ ಇಟ್ಟರೆ ಬಲಗಡೆಯದು ಕಾಣುವುದೇ ಇಲ್ಲ.

ಮನಸ್ಸಿನ ವಿಷಯ ಬಿಡುವಂತಿಲ್ಲ. ಸ್ಟ್ರೋಕ್ ಆದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಮಾತೂ ಹೋದವರು ಅದನ್ನು ಹೇಳಿಕೊಳ್ಳಲೂ ಆರರು. ಅಪ್ಪ ಊಟ ಬಿಡುತ್ತಿದ್ದಾರಾ, ರಾತ್ರಿ ಎದ್ದು ಕೂರುತ್ತಾರಾ, ಭಜನೆಗೂ ಬರಲೊಲ್ಲೆ ಅನ್ನುತ್ತಾರಾ, ನೋಡುತ್ತಿರಿ. ಹಾಗಿದ್ದರೆ ನರವೈದ್ಯರಿಗೆ ನೀವೇ ಹೇಳಿ. ಅದಕ್ಕೆ ಔಷಧಿ ಇದೆ, ತಡಮಾಡಬಾರದು.

ಮಾತು ಮರಳುತ್ತದಾ? ಮೊದಲ ಮೂರು ತಿಂಗಳಲ್ಲಿ ಸುಧಾರಣೆ ಜೋರಾಗಿರುತ್ತದೆ, ನೀವಿನ್ನೂ ಆ ಅವಧಿಯೊಳಗೇ ಇದ್ದೀರಿ. ಆಮೇಲೆ ನಿಧಾನವಾಗುತ್ತದೆ. ನಿಲ್ಲುವುದಿಲ್ಲ. "ಆರು ತಿಂಗಳು ದಾಟಿತು, ಇನ್ನು ಇಷ್ಟೇ" ಎಂಬ ಮಾತು ಆಸ್ಪತ್ರೆ ಕಾರಿಡಾರಿನಲ್ಲಿ ಕಿವಿಗೆ ಬೀಳಬಹುದು. ಜರ್ಮನಿಯಲ್ಲಿ ಸ್ಟ್ರೋಕ್ ಆಗಿ ಆರು ತಿಂಗಳು ದಾಟಿದವರನ್ನೇ ಆರಿಸಿ, ವಾರಕ್ಕೆ ಕನಿಷ್ಠ 10 ಗಂಟೆಯಂತೆ ಮೂರು ವಾರ ಥೆರಪಿ ಕೊಟ್ಟು ನೋಡಿದರು. ದಿನನಿತ್ಯದ ಮಾತು ಸುಧಾರಿಸಿತು. 2017ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರಕ್ಕೊಂದು ಸಲ ಅರ್ಧ ಗಂಟೆ ಹೋಗಿ ಬಂದರೆ ಅಷ್ಟು ಫಲ ಸಿಗದು. ದೂರ ಇದ್ದರೆ ವಾರದಲ್ಲಿ ಎರಡು ದಿನ ವಿಡಿಯೊ ಕಾಲ್, ಉಳಿದ ದಿನ ನೀವು ಮನೆಯಲ್ಲಿ ಎಂದು ಹೊಂದಿಸಿಕೊಳ್ಳಬಹುದು. ಪೂರ್ತಿ ಮೊದಲಿನಂತೆ ಆಗುತ್ತಾರೆ ಎಂದು ನಾನು ಮಾತು ಕೊಡಲಾರೆ. 7.2ರ ತಿಳಿವಳಿಕೆ ಇರುವುದು ದೊಡ್ಡ ಆಸರೆ ಎಂದು ಮಾತ್ರ ಖಂಡಿತ ಹೇಳಬಲ್ಲೆ.

ಮನೆಯಲ್ಲಿ "ಇದೇನು? ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡುವುದನ್ನು ಇವತ್ತೇ ನಿಲ್ಲಿಸಿ. ಬಂದ ನೆಂಟರಿಗೂ ಹೇಳಿ. ಟಿವಿ ಆರಿಸಿ, ಎದುರು ಕೂತು, ಒಂದು ಸಲಕ್ಕೆ ಒಂದು ವಿಷಯ ಮಾತನಾಡಿ. "ದೋಸೆಯಾ, ಗಂಜಿಯಾ?" ಎಂದು ಎರಡು ಆಯ್ಕೆ ಕೊಟ್ಟು, ಬೇಕಾದರೆ ಎರಡೂ ಪದ ಬರೆದು ತೋರಿಸಿ. ಕೇಳಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಆ ಹತ್ತು ಸೆಕೆಂಡು ತಡೆಯುವುದು ಮನೆಯವರಿಗೆ ಬಹಳ ಕಷ್ಟ, ನನಗೆ ಗೊತ್ತು. ಬೆರಳು, ಮುಖ, ಚಿತ್ರ, "ಅದೇ" ಎನ್ನುವ ರಾಗ, ಯಾವುದರಿಂದ ಹೇಳಿದರೂ ಉತ್ತರ ಉತ್ತರವೇ. ಅವರ ಎದುರು ಅವರ ಬಗ್ಗೆ ಬೇರೆಯವರ ಜೊತೆ ಮಾತನಾಡಬೇಡಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಫೇಸಿಯಾದಿಂದ ಬರುವ ಶಾಶ್ವತ ಮಾತಿನ ತೊಂದರೆಯನ್ನೂ ಅಂಗವಿಕಲತೆಯ ಪಟ್ಟಿಗೆ ಸೇರಿಸಿದೆ. ಪ್ರಮಾಣಪತ್ರಕ್ಕೆ ಈಗಲೇ ಓಡಬೇಕಿಲ್ಲ. ಏಳು ವಾರಕ್ಕೆ ಯಾವುದನ್ನೂ ಶಾಶ್ವತ ಎನ್ನಲಾಗದು. ಈಗಿನ ರಿಪೋರ್ಟನ್ನು ಮಾತ್ರ ಜೋಪಾನವಾಗಿಡಿ.

ಮುಂದಿನ ಸಲ ಹೋಗುವಾಗ ಒಂದು ಕೆಲಸ ಮಾಡಿ. ಅಂಗಡಿಯಿಂದ ಒಂದು ಡಬ್ಬಿಯಲ್ಲಿ ನಾಲ್ಕಾರು ಸಾಮಾನು ತುಂಬಿಕೊಂಡು ಹೋಗಿ: ಎರಡಿಂಚಿನ ಮೊಳೆ, ಸ್ಕ್ರೂ, ಬಾಗಿಲ ಚಿಲಕ, ಅಳತೆ ಟೇಪು, ಒಂದು ಬೀಗ. ಚಿತ್ರದ ಪುಸ್ತಕ ಪಕ್ಕಕ್ಕಿಟ್ಟು ಇವನ್ನು ಅಪ್ಪನ ಎಡಗೈಗೆ ಒಂದೊಂದಾಗಿ ಕೊಡಲು ಥೆರಪಿಸ್ಟ್‌ಗೆ ಹೇಳಿ. ಮೊಳೆಯನ್ನು ಬೆರಳಲ್ಲಿ ತಿರುಗಿಸಿ ನೋಡುತ್ತಾ "ಎರಡು..." ಅಂದರೂ ಅಂದಾರು. ಏನೆಂದರು, ಯಾವ ಭಾಷೆಯಲ್ಲಿ ಅಂದರು, ಎಷ್ಟು ಹೊತ್ತಿಗೆ ಅಂದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದುಕೊಳ್ಳಿ. ಮೂರು ತಿಂಗಳ ಪರೀಕ್ಷೆ ಆದ ಮೇಲೆ ಹೊಸ ರಿಪೋರ್ಟಿನ ಜೊತೆ ಆ ಪುಟಗಳ ಫೋಟೋವನ್ನೂ ನನಗೆ ಕಳಿಸಿ.